ಕಬ್ಬಿನ ಹಂಗಾಮು, ಫ್ಯಾಕ್ಟರಿ ಯಾರ್ಡು, ಎಚ್‌ಐವಿ ತಪಾಸಣೆ: ಎಲ್ಲಾರೂ ಬೇಕಂತಾರ, ಯಾರೂ ಮುಂದ ಬರವಲ್ರು. ಏನ್ ಮಾಡೂಣ್ರಿ?

ಘಟಪ್ರಭಾ ದಂಡಿ | ನವೆಂಬರ್ 4, ರಾತ್ರಿ 10.20

ಎಲ್ಲಾರಿಗೂ ನಮಸ್ಕಾರ್ರಿ. ಮುಧೋಳ ತಾಲೂಕಿನ ಒಂದು ಗ್ರಾಮ ಪಂಚಾಯ್ತಿಗೆ ಮೊದಲನೇ ಸಲ ಆರಿಸಿ ಬಂದ ಮೆಂಬರ್ ನಾ. ಊರ ಹೆಸರು ಬರಿಯಂಗಿಲ್ಲ, ಯಾಕನ್ನೋದು ಓದ್ಕೋತ ಹೋದ್ರ ತಿಳೀತೈತಿ.

ನಮ್ಮ ಹದ್ದಿಗೆ ಹತ್ತಿ ಒಂದು ಸಕ್ಕರಿ ಫ್ಯಾಕ್ಟರಿ ಐತಿ. ಹಂಗಾಮು ಚಾಲೂ ಆತಂದ್ರ ಮಹಾರಾಷ್ಟ್ರದ ಬೀಡ ಕಡೆಯವರು, ವಿಜಯಪುರ ಜಿಲ್ಲೆ ತಾಂಡಾದವರು ಕಬ್ಬು ಕಡಿಯಾಕ ಬಂದು ಕಾಲುವಿ ದಂಡಿಮ್ಯಾಲ ಗುಡಿಸಲಾ ಹಾಕ್ಕೋತಾರ. ಮಾರ್ಚ್ ತನಕ ನಮ್ಮೂರ ನೀರು ಕುಡಿದು ನಮ್ಮೂರಾಗ ಇರ್ತಾರ, ಆದ್ರ ನಮ್ಮ ಯಾವ ಲೆಕ್ಕದಾಗೂ ಬರಂಗಿಲ್ಲ. ಇತ್ತಾಗ ಯಾರ್ಡಿನ್ಯಾಗ ಟ್ರ್ಯಾಕ್ಟರ್, ಲಾರಿ ಪಾಳಿ ಹಚ್ಚಿ ರಾತ್ರಿಯೆಲ್ಲಾ ನಿಂತಿರ್ತಾವ. ಅಲ್ಲಿ ಏನೇನ್ ನಡೀತೈತಿ ಅನ್ನೋದು ಊರಿಗೆಲ್ಲಾ ಗೊತ್ತು.

ಹ್ವಾದ ವಾರ ಐಸಿಟಿಸಿ (ಎಚ್‌ಐವಿ ಸಲಹಾ-ತಪಾಸಣಾ ಕೇಂದ್ರ) ಕೌನ್ಸೆಲರ್ ಮೇಡಮ್ಮಾರು ಪಂಚಾಯ್ತಿಗೆ ಬಂದು, ಯಾರ್ಡಿನ ಬಾಜೂಕ ಒಂದು ಎಚ್‌ಐವಿ ತಪಾಸಣಾ ಶಿಬಿರ ಇಡೂಣು, ನೀವೂ ಕೈ ಹಚ್ರಿ ಅಂದ್ರು. ನಾ ಹುರುಪಿನ್ಯಾಗ ಎಲ್ಲಾರ್ನೂ ಕರದು ಮೀಟಿಂಗ್ ಇಟ್ಟೆ. ಫ್ಯಾಕ್ಟರಿ ಕಡೆ ಬಂದಾಂವ ಹೇಳಿದ: "ಗ್ಯಾಂಗಿನವರು ನಮ್ಮ ನೌಕರರಲ್ರಿ, ಮುಕಾದಮನ ಮಂದಿ." ಗ್ಯಾಂಗ್ ಕರಕೊಂಡು ಬರೋ ಗುತ್ತೇದಾರ ಮುಕಾದಮ ಹೇಳಿದ: "ಒಂದು ತಾಸು ಕುಡುಗೋಲು ನಿಂತ್ರ ಒಂದು ಟ್ರಿಪ್ಪು ಹೋಕ್ಕೈತಿ, ಅದನ್ನ ಯಾರು ತುಂಬಿ ಕೊಡ್ತೀರಿ?" ದವಾಖಾನಿಯವರು ಕಿಟ್ ಐತಿ ಅಂದ್ರು, ಮಂದೀನ ಕರಕೊಂಡು ಬರೋದು ನಿಮ್ಮ ಕೆಲಸ ಅಂದ್ರು. ಒಂದು ಸಂಸ್ಥೆಯವರಿಗೆ ಫೋನ್ ಹಚ್ಚಿದ್ರ ಈ ವರ್ಷ ನಿಮ್ಮೂರು ನಮ್ಮ ಪಟ್ಟಿಯಾಗ ಇಲ್ಲಂದ್ರು. ಊರ ಹಿರ್ಯಾರು ಒಂದ ಮಾತಿಗೆ ಮುಗಿಸಿದ್ರು: "ಊರ ಹೆಸರು ಕೆಡ್ತೈತಿ, ನಾಳೆ ನಮ್ಮ ಹುಡುಗುರಿಗೆ ಯಾರು ಹೆಣ್ಣು ಕೊಡ್ತಾರ?"

ಬ್ಯಾರೆ ಊರಾಗ ಯಾರರ ಇಂಥಾದ್ದು ಮಾಡಿದ್ರ ಹೇಳ್ರಿ. ಭಾಷಣ ಬ್ಯಾಡ, ಹ್ಯಾಂಗ ಮಾಡಿದ್ರಿ ಅದನ್ನ ಹೇಳ್ರಿ.

ಜಾತ್ರಿ ಕಮಿಟಿ ಕಾಕಾ | ನವೆಂಬರ್ 4, ರಾತ್ರಿ 11.02

ತಮ್ಮಾ, ನಿನ್ನ ಮನಸ್ಸು ಚಲೋ ಐತಿ, ಇಲ್ಲಂತ ಅನ್ನಂಗಿಲ್ಲ. ಆದ್ರ ಈಗ ಆ ದೊಡ್ಡ ಜಡ್ಡು ಎಲ್ಲೈತಪಾ? ಇಪ್ಪತ್ತು ವರ್ಷದ ಹಿಂದ ಇತ್ತು, ನಾನೂ ನೋಡೀನಿ. ಪೇಪರಿನ್ಯಾಗ ಬಾಗಲಕೋಟಿ ಹೆಸರು ಬಂದಿದ್ದ ಬಂದಿದ್ದು. ಪುಣೇದಾಗ ನಮ್ಮ ಹುಡುಗ ನೌಕರಿಗೆ ಹೋದ್ರ "ಓ, ಆ ಜಿಲ್ಲೆಯವನಾ" ಅಂದಿದ್ರು. ಈಗ ಎಲ್ಲಾ ತಣ್ಣಗಾಗೇತಿ, ಮತ್ತ್ಯಾಕ ಬೂದಿ ಕೆದರ್ತಿ? ಹೊರಗಿನ ಮಂದಿ ನಾಕು ತಿಂಗಳು ಇರ್ತಾರ, ಹೋಗ್ತಾರ. ಅವರ ಜಡ್ಡು ಅವರ ಊರಾಗ ನೋಡ್ಕೋತಾರ.

ಹಳೇ ಲಿಂಕ್ ವರ್ಕರ್ | ನವೆಂಬರ್ 5, ಬೆಳಿಗ್ಗೆ 7.40

ಕಾಕಾ ಅವರೇ, ತಣ್ಣಗಾಗಿದೆ ಎನ್ನುವುದು ನಿಜ. ಆದರೆ ತಾನಾಗಿ ತಣ್ಣಗಾಗಲಿಲ್ಲ, ಆ ಕತೆಯನ್ನು ಸ್ವಲ್ಪ ಹೇಳುತ್ತೇನೆ. ಉದ್ದ ಆಗುತ್ತದೆ, ಚಹಾ ಇಟ್ಟುಕೊಂಡು ಓದಿ.

2000ದ ದಶಕದ ಶುರುವಿನಲ್ಲಿ ನಮ್ಮ ಜಿಲ್ಲೆಯಲ್ಲಿ ಗರ್ಭಿಣಿಯರ ರಕ್ತಪರೀಕ್ಷೆಯ ಸರ್ವೇಕ್ಷಣೆ ಮಾಡಿದಾಗ ಸೋಂಕು ಶೇಕಡಾ 1ನ್ನು ದಾಟಿತ್ತು. ಗರ್ಭಿಣಿಯರು ಅಂದರೆ ಯಾರು? ಮನೆಬಿಟ್ಟು ಹೊರಗೆ ಹೋಗದ ಹೆಣ್ಣುಮಕ್ಕಳು. ಅವರಲ್ಲೇ ಇಷ್ಟು ಇದ್ದ ಮೇಲೆ ಜಡ್ಡು ಊರೊಳಗೆ ಬಂದು ಪಡಸಾಲೆಯಲ್ಲಿ ಕೂತಿದೆ ಅಂತಲೇ ಅರ್ಥ. ಇಡೀ ದೇಶದ ವಯಸ್ಕರಲ್ಲಿ ಈಗಿನ ಲೆಕ್ಕ ಸುಮಾರು ಶೇಕಡಾ 0.2. ಹೋಲಿಸಿ ನೋಡಿ.

ಆಗ ಕೆನಡಾ ಮತ್ತು ನಮ್ಮ ಸರ್ಕಾರದ ಸಹಯೋಗದಲ್ಲಿ ಐಚಾಪ್ ಅಂತ ಒಂದು ಎಚ್‌ಐವಿ ತಡೆ ಯೋಜನೆ ಬಾಗಲಕೋಟೆಯ ಹಳ್ಳಿಗಳಿಗೆ ಬಂತು. 2003ರಲ್ಲಿ ಕೆಎಚ್‌ಪಿಟಿ (ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್) ಶುರುವಾಯಿತು, ಅದೇ ಹೊತ್ತಿಗೆ ಗೇಟ್ಸ್ ಫೌಂಡೇಶನ್ನಿನ ಆವಾಹನ್ ಎಂಬ ಎಚ್‌ಐವಿ ತಡೆ ಕಾರ್ಯಕ್ರಮದ ಹಣವೂ ಬಂತು. ನಾನು ಸೇರಿದ್ದು ಅದಾದ ಮೇಲೆ, ಸರ್ಕಾರದ ಮೂರನೇ ಹಂತದ ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಲಿಂಕ್ ವರ್ಕರ್ ಆಗಿ, ಅಂದರೆ ಹಳ್ಳಿಯ ಮಂದಿಗೂ ದವಾಖಾನೆಗೂ ನಡುವಿನ ಕೊಂಡಿಯಾಗಿ. ಸೈಕಲ್ ಮೇಲೆ ಹಳ್ಳಿ ಹಳ್ಳಿ.

ಮೊದಲ ತಿಂಗಳು ಎಲ್ಲಾ ಕಡೆ ಬೈಸಿಕೊಂಡೆ. "ಎಚ್‌ಐವಿ" ಅನ್ನುವ ಶಬ್ದ ತೆಗೆದರೆ ಮಂದಿ ಎದ್ದು ಹೋಗುತ್ತಿದ್ದರು. ಆಮೇಲೆ ನಮ್ಮ ಹಿರಿಯರೊಬ್ಬರು ಒಂದು ಉಪಾಯ ಕಲಿಸಿದರು. ಗುಡಿ ಮುಂದೆ ನೆಲದ ಮೇಲೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯಲು ಊರವರಿಗೇ ಹೇಳುವುದು. ಬಾವಿ ಎಲ್ಲಿ, ಶಾಲೆ ಎಲ್ಲಿ, ಸೆರೆ ಅಂಗಡಿ ಎಲ್ಲಿ, ಹೊರಗಿನ ಲಾರಿ ನಿಲ್ಲುವುದೆಲ್ಲಿ, ದುಡಿಯಲು ಗೋವಾಕ್ಕೆ ಹೋದವರ ಮನೆ ಯಾವುವು. ಅರ್ಧ ತಾಸಿನಲ್ಲಿ ಊರವರೇ ನಕ್ಷೆ ನೋಡಿ ಸುಮ್ಮನಾದರು. ನಾನು ಏನೂ ಹೇಳುವ ಅಗತ್ಯ ಬೀಳಲಿಲ್ಲ. ನಿಮ್ಮ ಮೀಟಿಂಗಿನಲ್ಲಿ ಕುರ್ಚಿ ಹಾಕಿ ಕೂತಿದ್ದೇ ತಪ್ಪಾಯಿತೇನೋ ಅನಿಸುತ್ತದೆ. ಕುರ್ಚಿಯಲ್ಲಿ ಕೂತವರು ತಮ್ಮ ಇಲಾಖೆಯ ಪರವಾಗಿ ಮಾತಾಡುತ್ತಾರೆ.

ಇನ್ನೊಂದು, ಮತಗಟ್ಟೆ ಸರ್ವೆ. ಚುನಾವಣೆಯ ಥರ ರಟ್ಟಿನ ಮರೆ ಕಟ್ಟಿ, ಒಬ್ಬೊಬ್ಬರ ಕೈಗೆ ಪ್ರಶ್ನೆಯ ಸಂಖ್ಯೆ ಬರೆದ ಕಾರ್ಡು ಕೊಡುತ್ತಿದ್ದೆವು. ಹೌದಾದರೆ ಒಂದು ಡಬ್ಬಿ, ಇಲ್ಲವಾದರೆ ಇನ್ನೊಂದು. ಹೆಸರಿಲ್ಲ, ಸಹಿ ಇಲ್ಲ. ಎದುರಿಗೆ ಕೂತು ಕೇಳಿದರೆ ಎಲ್ಲರೂ ಶ್ರೀರಾಮಚಂದ್ರರೇ. ಡಬ್ಬಿ ಎಣಿಸಿದಾಗ ಬೇರೆಯೇ ಉತ್ತರ.

ಸಂಘದಾಕಿ | ನವೆಂಬರ್ 5, ಮಧ್ಯಾಹ್ನ 1.15

ಲಿಂಕ್ ವರ್ಕರ್ ಅಣ್ಣಾರ, ಎಲ್ಲಾ ಬರದ್ರಿ, ನಮ್ಮನ್ನ ಬಿಟ್ರಿ. ಗೇಟ್ಸ್ ಹೆಸರು ಬಂತು, ಕೆನಡಾ ಹೆಸರು ಬಂತು. ರಾತ್ರಿ ಹನ್ನೊಂದಕ್ಕ ಬಸ್‌ಸ್ಟ್ಯಾಂಡಿನ ಹಿಂದ ನಿರೋಧ್ ಪಾಕೀಟು ಹಿಡ್ಕೊಂಡು ನಿಂತವರು ಯಾರು? ಧಂದೆ ಮಾಡೋ ಹೆಣ್ಮಕ್ಕಳು. ನಾವ ಪೀರ್ ಆಗಿ, ನಾವ ನಮ್ಮವರಿಗೆ ಹೇಳಿ, ನಾವ ದವಾಖಾನಿಗೆ ಕರಕೊಂಡು ಹೋಗಿದ್ದು.

ಮೊದಲ ಏನಾಗ್ತಿತ್ತು ಗೊತ್ತೇನ್ರಿ? ಪರ್ಸಿನ್ಯಾಗ ನಿರೋಧ್ ಸಿಕ್ರ ಅದನ್ನ ಸಾಕ್ಷಿ ಮಾಡಿ ಹಿಡೀತಿದ್ರು. ಹಿಡೀತಾರಂತ ನಿರೋಧ್ ಇಟ್ಕೊಳ್ಳಂಗಿಲ್ಲ, ಇಟ್ಕೊಳ್ಳಲಿಲ್ಲಂದ್ರ ಜಡ್ಡು. ಅದನ್ನ ಬಿಡಿಸಾಕ ನಾವು ಠಾಣೆಗೆ ಹೋಗಿ ಸಾಹೇಬರ ಮುಂದ ಕುಂತು ಮಾತಾಡೀವಿ. ಒಬ್ಬಾಕಿ ಹೋಗಿದ್ರ ಒಳಗ ಹಾಕ್ತಿದ್ರು, ಸಂಘ ಆಗಿ ಹ್ವಾದ್ವಿ, ಕುರ್ಚಿ ಕೊಟ್ರು. ರೇಷನ್ ಕಾರ್ಡು, ಬ್ಯಾಂಕಿನ ಖಾತೆ, ಮಕ್ಕಳ ಸಾಲಿ ದಾಖಲೆಗೆ ಅಪ್ಪನ ಹೆಸರಿನ ತಕರಾರು, ಇವನ್ನೆಲ್ಲಾ ಬಗೀಹರಿಸಿದ ಮ್ಯಾಲ ಹೆಣ್ಮಕ್ಕಳು ರಕ್ತ ಕೊಡಾಕ ಬಂದ್ರು. ನಾಳೆ ಊಟದ ಚಿಂತಿ ಇದ್ದಾಕಿಗೆ ಹತ್ತು ವರ್ಷದ ಮ್ಯಾಲ ಬರೋ ಜಡ್ಡಿನ ಮಾತು ಹೇಳಿದ್ರ ಕೇಳ್ತಾಳೇನು?

ಹೆಣ್ಮಕ್ಕಳನ್ನ ದೇವರ ಹೆಸರಿಗೆ ದೇವದಾಸಿ ಅಂತ ಬಿಡೂದು 1982ರ ಕಾಯ್ದೆಯಿಂದ ನಿಷೇಧ ಐತಿ. ಆದ್ರ ಬಿಟ್ಟ ಹೆಣ್ಮಕ್ಕಳ ಹೊಟ್ಟಿಗೆ ಕಾಯ್ದೆ ಅನ್ನ ಹಾಕ್ಲಿಲ್ಲ. ಘಟಪ್ರಭಾದಾಗ 1997ರಾಗ ಮಾಜಿ ದೇವದಾಸಿಯರ ಮಾಸ್ ಸಂಸ್ಥೆ ಕಟ್ಟಿದ್ರು, ಆ ಸಂಸ್ಥೆಯ ಸೀತವ್ವ ಜೋಡಟ್ಟಿ ಅವರಿಗೆ 2018ರಾಗ ಪದ್ಮಶ್ರೀ ಬಂತು. ಆ ದಿನ ನಾ ಟಿವಿ ಮುಂದ ಕುಂತು ಅತ್ತೀನಿ, ಖರೇ ಹೇಳ್ತೀನಿ. ಯಾವ ಹೆಣ್ಮಕ್ಕಳನ್ನ ಜಾತ್ರ್ಯಾಗ ಬೆರಳು ಮಾಡಿ ತೋರಿಸ್ತಿದ್ರೋ ಅವರೊಳಗಿನ ಒಬ್ಬಾಕಿ ದಿಲ್ಲಿಯೊಳಗ ನಿಂತಿದ್ದಳು.

ಈಗ? ಡಿಸೆಂಬರ್ 1, ಏಡ್ಸ್ ದಿನ ಬಂತಂದ್ರ ಫೋನ್ ಬರ್ತೈತಿ, "ಅಕ್ಕಾ, ಇಪ್ಪತ್ತು ಮಂದಿ ಕರಕೊಂಡು ಬಾ, ರ್‍ಯಾಲಿ ಐತಿ." ಬ್ಯಾನರ್ ಹಿಡೀತೀವಿ, ಉಪ್ಪಿಟ್ಟು ತಿಂತೀವಿ, ಬರ್ತೀವಿ. ಮೆಂಬರ್ ತಮ್ಮಾ, ನೀ ಮೀಟಿಂಗಿಗೆ ಫ್ಯಾಕ್ಟರಿಯವರನ್ನ ಕರದಿ, ಮುಕಾದಮನ್ನ ಕರದಿ. ಯಾರ್ಡಿನ್ಯಾಗ ರಾತ್ರಿ ಇರೋ ಹೆಣ್ಮಕ್ಕಳನ್ನ ಕರದೇನು?

ಘಟಪ್ರಭಾ ದಂಡಿ | ನವೆಂಬರ್ 5, ಮಧ್ಯಾಹ್ನ 2.30

ಅಕ್ಕಾರ, ಕರೀಲಿಲ್ರಿ. ಹೊಳೀಲೇ ಇಲ್ಲ. ತಪ್ಪಾತು.

ಬನಹಟ್ಟಿ ಮಗ್ಗ | ನವೆಂಬರ್ 5, ಸಂಜೆ 6.05

ಇಷ್ಟೆಲ್ಲಾ ಯಾಕ ತಲಿ ಕೆಡಿಸ್ಕೋತೀರೋ ತಿಳೀವಲ್ದು. ಯಾರ್ಡಿಗೆ ಬರೋ ಪ್ರತಿಯೊಬ್ಬಂದೂ ಟೆಸ್ಟ್ ಕಡ್ಡಾಯ ಮಾಡ್ರಿ, ರಿಪೋರ್ಟ್ ತೋರಿಸಿದವಂಗ ಕೆಲಸ. ಮದುವಿಗೂ ಹಂಗ. ಸಾಮೂಹಿಕ ವಿವಾಹದಾಗ ಆಧಾರ್ ಕಾರ್ಡ್ ಕೇಳ್ತೀರಿ, ರಕ್ತದ ರಿಪೋರ್ಟ್ ಯಾಕ ಕೇಳಬಾರ್ದು? ಕ್ಷೌರದ ಅಂಗಡ್ಯಾಗ ಬ್ಲೇಡಿನಿಂದ ಹಬ್ಬತೈತಿ, ಅದನ್ನೂ ಬಂದ್ ಮಾಡ್ರಿ.

ಲ್ಯಾಬ್ ಬೆಂಚು | ನವೆಂಬರ್ 5, ರಾತ್ರಿ 9.10

ಬೆಳಗಾವಿಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ, ಈ ಪರೀಕ್ಷೆ ದಿನಾ ಮಾಡುವವನು. ಮಗ್ಗದ ಗೆಳೆಯರಿಗೆ ಸಿಟ್ಟಿಲ್ಲದೆ ಉತ್ತರ ಕೊಡುತ್ತೇನೆ, ಏಕೆಂದರೆ ವಾರಕ್ಕೆ ಮೂವರಾದರೂ ನನಗೆ ಇದನ್ನೇ ಹೇಳುತ್ತಾರೆ.

ಕಡ್ಡಾಯ ಮಾಡುವಂತಿಲ್ಲ. ಎಚ್‌ಐವಿ ಮತ್ತು ಏಡ್ಸ್ ತಡೆ ಕಾಯ್ದೆ 2017ರದ್ದು, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡಬಾರದು. ಕೆಲಸ ಕೊಡಲು ಎಚ್‌ಐವಿ ರಿಪೋರ್ಟ್ ಕೇಳಬಾರದು. ಒಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರಿಗೆ ಹೇಳಬಾರದು. ನೂರು ಅಥವಾ ಅದಕ್ಕಿಂತ ಹೆಚ್ಚು ಮಂದಿ ಇರುವ ಯಾವುದೇ ಸಂಸ್ಥೆ ಇಂಥ ದೂರು ಕೇಳಲು ಒಬ್ಬ ಅಧಿಕಾರಿಯನ್ನು ನೇಮಿಸಬೇಕು. ಸಕ್ಕರೆ ಕಾರ್ಖಾನೆಯಲ್ಲಿ ನೂರು ಮಂದಿ ಇರುವುದಿಲ್ಲವೇ? ಮೆಂಬರ್ ಸಾಹೇಬರು ಮುಂದಿನ ಸಲ "ಆ ಅಧಿಕಾರಿ ಯಾರ್ರಿ?" ಅಂತ ಮೆಲ್ಲಗೆ ಕೇಳಿ ನೋಡಲಿ, ಮಾತಿನ ಧಾಟಿ ಬದಲಾಗುತ್ತದೆ.

ಕಾಯ್ದೆ ಬಿಡಿ, ಕಡ್ಡಾಯ ಮಾಡಿದರೂ ಕೆಲಸ ಆಗುವುದಿಲ್ಲ. ಸೋಂಕು ತಗುಲಿದ ಕೂಡಲೇ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಹುಟ್ಟಲು ವಾರಗಳು ಬೇಕು, ಅದಕ್ಕೇ ನಾವು ಮೂರು ತಿಂಗಳು ಬಿಟ್ಟು ಮತ್ತೊಮ್ಮೆ ಬನ್ನಿ ಅನ್ನುವುದು. ನವೆಂಬರ್‌ನಲ್ಲಿ ನೆಗೆಟಿವ್ ಚೀಟಿ ತಂದವನು ಜನವರಿಯಲ್ಲಿ ಏನಾಗಿದ್ದಾನೋ ಯಾರಿಗೆ ಗೊತ್ತು? ಚೀಟಿ ಕಿಸೆಯಲ್ಲಿದ್ದರೆ ನಿರೋಧ್ ಬೇಡ ಎನ್ನುವ ಧೈರ್ಯ ಬೇರೆ ಬರುತ್ತದೆ. ಹೆದರಿದವನು ಶಿಬಿರದ ದಿನ ಊರೇ ಬಿಡುತ್ತಾನೆ.

ಶಿಬಿರದಲ್ಲಿ ಬೆರಳು ಚುಚ್ಚಿ ಒಂದು ಕಿಟ್‌ನಲ್ಲಿ ನೋಡುತ್ತಾರೆ. ಅದರಲ್ಲಿ ಗೆರೆ ಬಂದರೆ "ಪಾಸಿಟಿವ್" ಎಂದು ಹೇಳುವಂತಿಲ್ಲ. ಐಸಿಟಿಸಿಗೆ ಬಂದು ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಖಾತ್ರಿ ಆದ ಮೇಲೆಯೇ ಹೇಳುವುದು. ಹಾಗಾಗಿ ಶಿಬಿರದ ಜೊತೆ ಐಸಿಟಿಸಿ ತನಕ ಕರೆದುಕೊಂಡು ಹೋಗುವವರು ಯಾರು ಅನ್ನುವುದು ಮೊದಲೇ ತೀರ್ಮಾನ ಆಗಲಿ. ಕಿಟ್ ಎಷ್ಟಿದ್ದರೂ ಆ ಒಬ್ಬ ಮನುಷ್ಯ ಇಲ್ಲದಿದ್ದರೆ ಶಿಬಿರ ಇಡಬೇಡಿ ಅಂತಲೇ ನನ್ನ ಅಭಿಪ್ರಾಯ.

ಬ್ಲೇಡಿನ ವಿಷಯ: ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕಬೇಕು, ಸರಿ, ಅದು ಹೆಪಟೈಟಿಸ್ ಬಿ ಲೆಕ್ಕದಲ್ಲಂತೂ ತೀರಾ ಮುಖ್ಯ. ಆದರೆ ಎಚ್‌ಐವಿ ಹರಡುವುದು ಬಹುಪಾಲು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ. ಪಾಪ, ಹಡಪದರ ಮೇಲೆ ಗೂಬೆ ಕೂರಿಸಿ ನಾವು ಪಾರಾಗುವುದು ಬೇಡ.

ರಾತ್ರಿ ಒಂಬತ್ತರ ಗುಳಿಗಿ | ನವೆಂಬರ್ 6, ರಾತ್ರಿ 12.40

ನಾ ಇಲ್ಲಿ ಓದ್ಲಾಕ ಬರ್ತೀನಿ, ಬರಿಯಾಕಿ ಅಲ್ಲ. ಇವತ್ತ ಬರೀಬೇಕನಿಸ್ತು.

ನಮ್ಮದು ವಿಜಯಪುರ ಜಿಲ್ಲಾ. ನಮ್ಮನೆಯವರು ಲಾರಿ ಮ್ಯಾಲ ಇದ್ರು, ಈಗಿಲ್ಲ. ನಾ ಬಸುರಿದ್ದಾಗ ದವಾಖಾನಿಯೊಳಗ ರಕ್ತ ತಗೊಂಡ್ರು, ಒಂದು ವಾರದ ಮ್ಯಾಲ ಕರದು ಹೇಳಿದ್ರು. ಕೌನ್ಸೆಲರ್ ಅಕ್ಕಾರು ಬಾಗಲ ಮುಚ್ಚಿ, ನೀರು ಕೊಟ್ಟು, ಒಂದೂವರಿ ತಾಸು ಕುಂತು ಮಾತಾಡಿದ್ರು. ಅವರು ಇರ್ಲಿಲ್ಲಂದ್ರ ನಾ ಅವತ್ತ ಬಾವಿ ನೋಡ್ತಿದ್ದೆ. ಇನ್ನೊಂದು ಕಡಿ, ಹೆಸರು ಹೇಳೂದಿಲ್ಲ, ನನ್ನ ಚೀಟಿ ಮ್ಯಾಲ ಕೆಂಪು ಪೆನ್ನಿಲೆ ದೊಡ್ಡಕ್ಷರದಾಗ ಬರದು ವಾರ್ಡಿನ ತುಂಬ ಹಿಡ್ಕೊಂಡು ಅಡ್ಡಾಡಿದ್ರು. ಮೂರನೇ ದಿನಕ್ಕ ನಮ್ಮ ಓಣಿಗೆ ಗೊತ್ತಾತು. ನಮ್ಮತ್ತಿ ನನ್ನ ತಾಟು ಬ್ಯಾರೆ ಇಟ್ಟಳು.

ಗುಳಿಗಿ ಅವತ್ತಿನಿಂದ ಚಾಲೂ. ಮೊದಲಿನ ಗುಳಿಗಿ ತಗೊಂಡ್ರ ತಲಿ ತಿರಗ್ತಿತ್ತು, ಕೆಟ್ಟ ಕನಸು ಬೀಳ್ತಿದ್ವು, ಅದಕ್ಕ ಮಲಗೂ ಹೊತ್ತಿಗೆ ತಗೋ ಅಂದಿದ್ರು. ಆಮ್ಯಾಲ ಡೊಲುಟೆಗ್ರಾವಿರ್ ಇದ್ದ ಹೊಸಾ ಗುಳಿಗಿ ಬಂತು, ತಲಿ ತಿರಗೂದು ನಿಂತದ, ಆದ್ರ ಒಂಬತ್ತರ ಚಟ ಬಿಟ್ಟಿಲ್ಲ. ಮಗಳು ಹುಟ್ಟಿದ ಕೂಡ್ಲೇ ಆಕೀಗೆ ಸಿರಪ್ ಹಾಕಿದ್ರು. ಆರು ವಾರಕ್ಕ ಒಂದು ಟೆಸ್ಟು, ಕಡೀ ಟೆಸ್ಟು ಹದಿನೆಂಟು ತಿಂಗಳಿಗೆ. ಆ ಹದಿನೆಂಟು ತಿಂಗಳು ನಾ ಹ್ಯಾಂಗ ಕಳದೀನಿ ಅನ್ನೂದು ಯಲ್ಲವ್ವಗ ಗೊತ್ತು. ನೆಗೆಟಿವ್ ಬಂತು. ಈಗ ಸಾಲಿಗೆ ಹೋಗ್ತಾಳ, ಲೆಕ್ಕದಾಗ ಭಾಳ ಶಾಣೆ.

ನನ್ನ ವೈರಲ್ ಲೋಡ್, ಅಂದ್ರ ರಕ್ತದಾಗಿನ ವೈರಸ್ಸಿನ ಲೆಕ್ಕ, ಈಗ ಟೆಸ್ಟಿನ್ಯಾಗ ಕಾಣಿಸೂದಿಲ್ಲ. ಹಂಗ ಇದ್ದವರಿಂದ ಸಂಬಂಧದಾಗ ಇನ್ನೊಬ್ರಿಗೆ ಹತ್ತೂದಿಲ್ಲಂತ ಡಾಕ್ಟರೇ ಹೇಳ್ಯಾರ. ಅಂದ್ರ ಗುಳಿಗಿ ನುಂಗೋ ನಾನೂ ಜಡ್ಡು ತಡಿಲಾಕತ್ತೀನಿ, ಹೌದಲ್ರಿ? ಮಗ್ಗದ ಅಣ್ಣಾರ, ನಿಮ್ಮ ಕಡ್ಡಾಯದ ಚೀಟಿ ಕೇಳಿದ್ರ ನನ್ನ ಕೂಲಿ ಹೋಗ್ತದ. ಕೂಲಿ ಹೋದ್ರ ಮನಿ ನಡಿಯೂದಿಲ್ಲ. 2023ರಾಗ ಶಕ್ತಿ ಬಂದ ಮ್ಯಾಲ ಬಸ್ಸಿನ ಚಿಂತಿ ತಪ್ಪೇದ ಖರೆ, ಆಧಾರ್ ತೋರಿಸಿ ಗುಳಿಗಿ ಕೊಡೋ ಎಆರ್‌ಟಿ ಸೆಂಟರಿಗೆ ಹೋಗಿ ಬರ್ತೀನಿ. ಕಂಡಕ್ಟರು "ಎಲ್ಲಿಗಿ ಅಕ್ಕಾ" ಅಂದ್ರ "ಸಂತಿಗಿ" ಅಂತೀನಿ.

ಬನಹಟ್ಟಿ ಮಗ್ಗ | ನವೆಂಬರ್ 6, ಬೆಳಿಗ್ಗೆ 8.20

ಅಕ್ಕಾ, ನಾ ಬರದದ್ದು ಹಂಗಲ್ಲ. ಆದ್ರೂ ಈಗ ಓದಿದ್ರ ಹಂಗ ಕಾಣ್ತೈತಿ. ಅಳಿಸಂಗಿಲ್ಲ, ಇರ್ಲಿ, ಮಂದಿ ನನ್ನಂಗ ಅಂದ್ಕೊಂಡವರು ಓದ್ಲಿ. ಮದುವಿ ವಿಷಯದಾಗ ಮಾತ್ರ ನಂದಿನ್ನೂ ಅದ ಅಭಿಪ್ರಾಯ, ಹುಡುಗಿ ಕಡೆಯವರು ಕೇಳೋದ್ರಾಗ ತಪ್ಪೇನೈತಿ?

ಲ್ಯಾಬ್ ಬೆಂಚು | ನವೆಂಬರ್ 6, ಬೆಳಿಗ್ಗೆ 9.00

ಕೇಳಲಿ. ಇಬ್ಬರೂ ತಾವಾಗಿ ಒಪ್ಪಿ, ಜೊತೆಯಾಗಿ ಬಂದು ಮಾಡಿಸಿಕೊಳ್ಳಲಿ. ಎಷ್ಟೋ ಜೋಡಿ ಬರುತ್ತಾರೆ. ಮಠದವರೋ ಪಂಚಾಯ್ತಿಯವರೋ ರಿಪೋರ್ಟ್ ಕಟ್ಟು ಕಟ್ಟಿಟ್ಟುಕೊಳ್ಳುವುದು ಬೇಡ, ಅಷ್ಟೇ.

ಕಬ್ಬಿನ ಗಾಡಿ | ನವೆಂಬರ್ 6, ರಾತ್ರಿ 11.50

ಯಾರ್ಡಿನ್ಯಾಗ ಪಾಳಿಯೊಳಗ ಕುಂತ ಬರ್ಯಾಕತ್ತೀನಿ, ಮುಂದ ಇನ್ನ ನಲವತ್ತು ಗಾಡಿ ಅದಾವ, ಟೈಮ್ ಐತಿ. ಡ್ರೈವರ್ ಅಂದ್ರ ಎಲ್ಲಾರೂ ಒಂದ ನಮೂನಿ ಅನ್ನೋ ಹಂಗ ಬರೀತೀರಿ. ಹೆಂಡ್ರು ಮಕ್ಕಳು ನಮಗೂ ಅದಾರ್ರಿ. ಅದು ಇರ್ಲಿ.

ಶಿಬಿರ ಹಗಲಿ ಇಡ್ತೀರಿ, ನಾವು ಹಗಲಿ ಹೊಲದಾಗ ಲೋಡ್ ತುಂಬಾಕತ್ತಿರ್ತೀವಿ. ಬರಬೇಕಂದ್ರ ರಾತ್ರಿ ಎಂಟರ ಮ್ಯಾಲ ಇಡ್ರಿ. "ಎಚ್‌ಐವಿ ಶಿಬಿರ" ಅಂತ ಬೋರ್ಡ್ ಹಾಕಿದ್ರ ನಾಯಿ ಸೈತ ಆ ಕಡೆ ಹಾಯಂಗಿಲ್ಲ. ಬಿಪಿ, ಶುಗರ್, ಕಣ್ಣು, ಕೆಮ್ಮು ಎಲ್ಲಾ ಕೂಡಿಸ್ರಿ. ಕಣ್ಣಿನ ತಪಾಸಣಿ ಇಟ್ರ ಎಲ್ಲಾ ಡ್ರೈವರೂ ಬರ್ತಾರ, ಲೈಸೆನ್ಸಿಗೆ ಬೇಕಾಗ್ತೈತಿ. ಪಾಳಿ ತಪ್ಪಂಗಿಲ್ಲಂತ ಟೋಕನ್ ಕೊಡೋ ಮನಿಶಾನ ಕಡೆಯಿಂದ ಹೇಳಿಸ್ರಿ. ಅಂವಾ ಹೇಳಿದ್ರ ಕೇಳ್ತೀವಿ, ಕಲೆಕ್ಟರ್ ಹೇಳಿದ್ರೂ ಕೇಳಂಗಿಲ್ಲ.

ಇನ್ನ ನಿರೋಧ್ ಡಬ್ಬಿ ತೂಕದ ಕಾಂಟಾದ ಎದುರಿಗೆ ಇಡಬ್ಯಾಡ್ರಿ, ಅಲ್ಲಿ ನಮ್ಮೂರ ಮಂದೀನ ನಿಂತಿರ್ತಾರ. ಸಂಡಾಸದ ಒಳಗ, ಬಾಗಲ ಹಿಂದ ಇಡ್ರಿ. ಒಬ್ಬ ಚಾ ಅಂಗಡಿಯಾಂವ ಸಕ್ಕರಿ ಡಬ್ಬಿ ಬಾಜೂಕ ಇಟ್ಟಿದ್ದ, "ಎರಡು ಚಾ, ಒಂದು ಪುಡಿ" ಅಂದ್ರ ಕೊಡ್ತಿದ್ದ. ಅಂಥಾವರು ಬೇಕ್ರಿ.

ಆಶಾ ಕೆಲಸದಾಕಿ, ಜಮಖಂಡಿ | ನವೆಂಬರ್ 7, ಮಧ್ಯಾಹ್ನ 3.30

ಗಂಡಸೂರು ಬರದದ್ದಾತು, ಗುಡಿಸಲದಾಗಿನ ಹೆಣ್ಮಕ್ಕಳ ಮಾತು ಯಾರೂ ತಗೀಲಿಲ್ಲ.

ಗ್ಯಾಂಗಿನ್ಯಾಗ ಬಸುರಿ ಹೆಣ್ಮಕ್ಕಳು ಇರ್ತಾರ. ಐದು ತಿಂಗಳ ಹೊಟ್ಟಿ ಹೊತ್ತು ಕಬ್ಬಿನ ಕಟ್ಟು ಹೊರ್ತಾರ. ಬಸುರಿ ಇದ್ದಾಗ ಎಚ್‌ಐವಿ, ಸಿಫಿಲಿಸ್ ಎರಡೂ ನೋಡಬೇಕಂತ ನಿಯಮ ಐತಿ, ಮೊದಲ ಮೂರು ತಿಂಗಳೊಳಗ ಆದ್ರ ಚಲೋ. ತಾಯಿಗೆ ಔಷಧ ಕೊಡಲಿಲ್ಲಂದ್ರ ನೂರಕ್ಕ ಹದಿನೈದರಿಂದ ನಲವತ್ತೈದು ಮಕ್ಕಳಿಗೆ ಹತ್ತಬಹುದು, ಕೊಟ್ರ ಐದರ ಒಳಗ ಅಂತ ನಮ್ಮ ಟ್ರೇನಿಂಗಿನ್ಯಾಗ ಹೇಳ್ಯಾರ. ಆದ್ರ ಈ ಹೆಣ್ಮಕ್ಕಳು ಅವರ ಊರಿನ ಆಶಾ ಪುಸ್ತಕದಾಗ "ಊರಾಗ ಇಲ್ಲ", ನಮ್ಮ ಪುಸ್ತಕದಾಗ "ನಮ್ಮೂರವರಲ್ಲ". ನಡುವ ಕೂಸು ಹುಟ್ಟಿಬಿಡ್ತೈತಿ.

ನಾ ಹ್ವಾದ ವರ್ಷ ಒಂದು ಕಾಲುವಿ ದಂಡಿಗೆ ಹೋದ್ರ ಮಾತು ತಿಳೀಲಿಲ್ಲ. ಅವರು ಬೀಡ ಕಡೆ ಮರಾಠಿ, ಇನ್ನೊಂದು ಗ್ಯಾಂಗಿನವರು ಲಂಬಾಣಿ. ನನಗ ಮರಾಠಿ "ಕಾಯ್, ಕಸಂ" ಬಿಟ್ರ ಬರಂಗಿಲ್ಲ. ಎಚ್‌ಐವಿ ಮಾತು ಕೈಸನ್ನಿಲೆ ಹೇಳಾಕಾಗ್ತೈತೇನ್ರಿ? ಒಪ್ಪಿಗಿ ತಗೋಬೇಕಂದ್ರ ಮೊದಲ ಮಾತು ತಿಳೀಬೇಕು. ನಮ್ಮೂರಿಗೆ ಮಿರಜ್ ಕಡೆಯಿಂದ ಮದುವಿ ಆಗಿ ಬಂದ ಸೊಸ್ಯಾರು ಅದಾರ, ಅವರೊಳಗ ಒಬ್ಬಾಕೀನ ಕರಕೊಂಡು ಹೋದೆ. ಅದೂ ಒಂದು ಭಯ, ಆಕಿ ಊರಾಗ ಹೇಳಿದ್ರ? ಮೊದಲ ಆಕೀಗೆ ಕೌನ್ಸೆಲರ್ ಕಡೆಯಿಂದ ಅರ್ಧ ದಿನ ತಿಳಿಸಿ ಹೇಳಿಸಿದ್ವಿ.

ಒಂದು ಮಾತು, ಇದರ ಸಲುವಾಗಿ ನನಗ ಒಂದು ರೂಪಾಯಿ ಬ್ಯಾರೆ ಬರಂಗಿಲ್ಲ. ಎಲ್ಲಾರೂ ಸಹಕಾರ ಸಹಕಾರ ಅಂತಾರ, ಕಡೀಕ ಬರೋದು ಆಶಾ ತಲಿಮ್ಯಾಲ.

ನವನಗರ ಮಾಸ್ತರ | ನವೆಂಬರ್ 7, ರಾತ್ರಿ 8.00

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಪಾಠದಲ್ಲಿ ಇದೆ, ಓದಿ ಮುಗಿಸುತ್ತೇವೆ, ಪರೀಕ್ಷೆಯಲ್ಲಿ ಎರಡು ಅಂಕ. ಒಮ್ಮೆ ಹೆಸರು ಬರೆಯದೆ ಚೀಟಿಯಲ್ಲಿ ಪ್ರಶ್ನೆ ಹಾಕಿ ಅಂದೆ. ಡಬ್ಬಿ ತುಂಬಿತು. ಸೊಳ್ಳೆ ಕಡಿದರೆ ಬರುತ್ತದೆಯೇ ಅಂತ ಅರ್ಧ ಚೀಟಿ. ಒಂದರಲ್ಲಿ ಮಾತ್ರ "ನಮ್ಮ ಅಪ್ಪ ದಿನಾ ಒಂದು ಗುಳಿಗೆ ಬಚ್ಚಿಟ್ಟು ತಗೋತಾನ, ಅಂವಾ ಸಾಯ್ತಾನೇನ್ರಿ?" ಎಂದಿತ್ತು. ಯಾರ ಕೈಬರಹ ಅಂತ ಗೊತ್ತಾಯಿತು, ಗೊತ್ತಿಲ್ಲದವನ ಹಾಗೆ ಇಡೀ ತರಗತಿಗೆ ಉತ್ತರ ಹೇಳಿದೆ: ಗುಳಿಗೆ ತಪ್ಪದೆ ತಗೊಂಡರೆ ಸಾಯುವುದಿಲ್ಲ, ಎಲ್ಲರಂತೆ ಮೊಮ್ಮಕ್ಕಳನ್ನು ನೋಡಬಹುದು. ಮರುದಿನ ಇಬ್ಬರು ಪಾಲಕರು ಬಂದು ಇಂಥದ್ದೆಲ್ಲ ಕಲಿಸಬೇಡಿ ಎಂದು ಜಗಳ ಮಾಡಿದರು. ಕಾಲೇಜಿನಲ್ಲಾದರೆ ಎಚ್‌ಐವಿ ತಿಳಿವಳಿಕೆ ಕೊಡುವ ರೆಡ್ ರಿಬ್ಬನ್ ಕ್ಲಬ್ ಇರುತ್ತದೆ. ಕಬ್ಬಿನ ಗಾಡಿ ಹತ್ತುವ ಹುಡುಗ ಹತ್ತನೇ ಇಯತ್ತೆಗೇ ಶಾಲೆ ಬಿಟ್ಟಿರುತ್ತಾನೆ.

ಇಂಡಿ ಲಿಂಬಿ | ನವೆಂಬರ್ 8, ಬೆಳಿಗ್ಗೆ 6.30

ನಮ್ಮ ಕಡಿ ಮಂದಿ ಗೋವಾಕ ದುಡಿಲಾಕ ಹೋಗ್ತಾರ. ನಮ್ಮ ಸಂಬಂಧಿ ಒಬ್ಬ ಅಲ್ಲಿ ಗುಳಿಗಿ ಮುಗದ್ವಂತ ಎರಡು ತಿಂಗಳು ಬಿಟ್ಟುಬಿಟ್ಟ, ಊರಿಗಿ ಬರ್ಲಾಕ ರಜಾ ಸಿಗ್ಲಿಲ್ಲ. ಎಆರ್‌ಟಿ ಪುಸ್ತಕ ತಗೊಂಡು ಹೋದ್ರ ಅಲ್ಲಿ ಸೆಂಟರಿನ್ಯಾಗೂ ಪುಕ್ಕಟ ಕೊಡ್ತಾರ, ವರ್ಗಾ ಮಾಡಿಸ್ಕೊಬಹುದು ಅನ್ನೂದು ಅವಂಗ ಗೊತ್ತೇ ಇರ್ಲಿಲ್ಲ. ಆರೋಗ್ಯ ಸ್ಥಿರ ಇದ್ದವರಿಗಿ ಮೂರು ತಿಂಗಳದ್ದು ಕೂಡೇ ಕೊಡ್ತಾರ. ಶಿಬಿರದಾಗ ಹೊಸಬರನ್ನ ಹುಡುಕೂದರ ಸಂಗಾಟ, ಮೊದಲೇ ಗುಳಿಗಿ ಮ್ಯಾಲ ಇದ್ದು ಊರು ಬಿಟ್ಟು ಬಂದವರಿಗಿ ಇದನ್ನ ಹೇಳ್ರಿ. 1097 ಪುಕ್ಕಟ ನಂಬರ್, ಅದಕ್ಕ ಹಚ್ಚಿದ್ರೂ ಹೇಳ್ತಾರ.

ಜಾತ್ರಿ ಕಮಿಟಿ ಕಾಕಾ | ನವೆಂಬರ್ 8, ರಾತ್ರಿ 9.45

ಎಲ್ಲಾ ಓದಿದೆ. ಮೊಮ್ಮಗ ಓದಿ ಹೇಳಿದ ಅನ್ರಿ, ಕಣ್ಣು ಮಂಜಾಗ್ಯಾವ. ಮಾಸ್ತರ ಬರದ ಹುಡುಗನ ಚೀಟಿ ಕೇಳಿ ಸುಮ್ನ ಕುಂತೆ.

ನಮ್ಮ ಜಾತ್ರ್ಯಾಗ ಮಾತ್ರ ಇಂಥಾ ಶಿಬಿರ ಬ್ಯಾಡ, ಅದಕ್ಕ ನಾ ಒಪ್ಪಂಗಿಲ್ಲ. ಯಾರ್ಡಿನ್ಯಾಗ ಮಾಡ್ಕೋರಿ. ಕಮಿಟಿ ಶಾಮಿಯಾನಾ, ಟ್ಯೂಬ್‌ಲೈಟು, ದೊಡ್ಡ ಪಾತೇಲಿ ಕೊಡ್ತೀನಿ, ಬಾಡಿಗಿ ಬ್ಯಾಡ. ಬೋರ್ಡ್ ಮಾತ್ರ ಬರಿಸಬ್ಯಾಡ್ರಿ. ಕಣ್ಣಿನ ತಪಾಸಣಿ ಇದ್ರ ನಂದೂ ನೋಡಿಸ್ರಿ.

ಸಂಘದಾಕಿ | ನವೆಂಬರ್ 8, ರಾತ್ರಿ 10.10

ಕಾಕಾ, ನಮಸ್ಕಾರ್ರಿ. ತಮ್ಮಾ, ಒಂದು ಕೆಲಸ ಮಾಡು. ರಕ್ತ ನೋಡೋ ಜಾಗಕ್ಕ ಎರಡು ಬಾಗಲ ಇರೋ ಖೋಲಿ ಹುಡುಕು. ಒಳಗ ಹ್ವಾದ ಬಾಗಲದಾಗ ಹೊರಗ ಬಂದ್ರ, ಪಾಳಿಯಾಗ ನಿಂತವರು ಮಾರಿ ನೋಡ್ತಾರ. ಅತ್ತು ಬಂದ ಮಾರಿ ಅಡಗಿಸಾಕ ಬರಂಗಿಲ್ಲ. ಮತ್ತ ಶುಗರ್ ನೋಡೂದೂ ಅದ ಖೋಲಿಯಾಗ ಇಡು, ಯಾರು ಯಾತಕ್ಕ ಒಳಗ ಹ್ವಾದ್ರು ತಿಳೀಬಾರ್ದು. ಯಾರ್ಡಿನ ಹೆಣ್ಮಕ್ಕಳ ಕೂಡ ನಾನೂ, ಇನ್ನಿಬ್ರೂ ಮಾತಾಡ್ತೀವಿ. ಅದಕ್ಕ ನೀ ಬರಬ್ಯಾಡ.

ಘಟಪ್ರಭಾ ದಂಡಿ | ಡಿಸೆಂಬರ್ 2, ರಾತ್ರಿ 11.30

ಎಲ್ಲಾರೂ ಏನಾತು ಅಂತ ಕೇಳಾಕತ್ತಿದ್ರಿ. ನವೆಂಬರ್ ಕಡೀ ವಾರದಾಗ ಆತ್ರಿ, ರಾತ್ರಿ ಎಂಟರಿಂದ ಒಂದರ ತನಕ. ಎಲ್ಲಾ ಚಲೋ ಆತಂತ ಬರದ್ರ ಸುಳ್ಳಾಕ್ಕೈತಿ.

ಮೊದಲನೇ ತಪ್ಪು ನಂದ. ಮೈಕ್ ಹಚ್ಚಿಸಿದ್ದೆ, ಹುಡುಗ ಉತ್ಸಾಹದಾಗ "ಎಚ್‌ಐವಿ" ಅಂದುಬಿಟ್ಟ. ಹತ್ತು ನಿಮಿಷ ಶಾಮಿಯಾನಾ ಖಾಲಿ. ವೈರು ಕಿತ್ತಿಸಿ, ಟೋಕನ್ ಕೊಡೋ ಅಣ್ಣನ್ನ ಕರಕೊಂಡು ಗಾಡಿ ಗಾಡಿಗೆ ಅಡ್ಡಾಡಿದೆ. ಕಣ್ಣಿನ ಟೇಬಲ್ಲಿಗೆ ಪಾಳಿ ಹತ್ತಿದ ಮ್ಯಾಲ ಉಳಿದಾವಕ್ಕೂ ಹತ್ತಿತು. ಎರಡು ಬಾಗಲದ ಖೋಲಿ ಸಿಕ್ತು, ಹಳೇ ರಸಗೊಬ್ಬರದ ಗೋದಾಮು, ನಾವು ನಾಕು ಮಂದಿ ಬಳದು ಸ್ವಚ್ಛ ಮಾಡಿದ್ವಿ. ವಾಸನಿ ಮಾತ್ರ ಹೋಗ್ಲಿಲ್ಲ.

ಫ್ಯಾಕ್ಟರಿಯವರನ್ನ ಆ ದೂರು ಅಧಿಕಾರಿ ಯಾರ್ರಿ ಅಂತ ಕೇಳಿದೆ, ಬೆಂಚಿನ ಸರ್ ಹೇಳಿದ್ಹಂಗ ಮೆಲ್ಲಕ. ಎರಡು ದಿನದಾಗ ಲೈಟಿನ ಕನೆಕ್ಷನ್ನು, ನೀರಿನ ಟ್ಯಾಂಕರ್ ಬಂತು. ಅಧಿಕಾರಿ ಯಾರನ್ನೋದು ಇನ್ನ ಹೇಳಿಲ್ಲ, ಕೇಳ್ಕೋತ ಇರ್ತೀನಿ. ಮುಕಾದಮ ತಾ ಬರ್ಲಿಲ್ಲ, ಆದ್ರ ಗ್ಯಾಂಗಿನ ಹೆಣ್ಮಕ್ಕಳನ್ನ ತಡೀಲಿಲ್ಲ. ಆಶಾ ಅಕ್ಕಾರು ಜಮಖಂಡಿಯಿಂದ ಮರಾಠಿ ಬಲ್ಲ ಆ ಸೊಸಿನ್ನ ಕರಕೊಂಡು ಬಂದಿದ್ರು, ಅವರ ಬಸ್ ಚಾರ್ಜು ಇಲ್ಲ, ಊಟ ನಮ್ಮನ್ಯಾಗ. ಲಂಬಾಣಿ ಮಾತಾಡವರು ಯಾರೂ ಸಿಗ್ಲಿಲ್ಲ, ಆ ಗ್ಯಾಂಗು ಹಂಗ ಉಳೀತು. ಐಸಿಟಿಸಿ ತನಕ ಕರಕೊಂಡು ಹೋಗೋ ಕೆಲಸ ಸಂಘದ ಅಕ್ಕಾರು ತಗೊಂಡಾರ.

ಮರುದಿನ ಮುಂಜಾನಿ ಒಬ್ಬ ಹಿರೇ ಮೆಂಬರು ನನ್ನ ಬಾಜೂಕ ಕರದು, "ಎಷ್ಟು ಮಂದೀದು ಬಂತು? ಲಿಸ್ಟ್ ಕೊಡು, ಪಂಚಾಯ್ತಿಗೆ ಗೊತ್ತಿರಬೇಕು" ಅಂದ. ನನ್ನ ಹತ್ರ ಇಲ್ರಿ ಅಂದೆ. ಖರೇನ ಇಲ್ಲ. ಕೌನ್ಸೆಲರ್ ಮೇಡಮ್ಮಾರಿಗೆ ನಾ ಕೇಳಿಲ್ಲ, ಅವರು ಹೇಳಿಲ್ಲ. ಅಂವಾ ನಂಬಲಿಲ್ಲ, ಈಗ ನನ್ನ ಕೂಡ ಮಾತು ಬಿಟ್ಟಾನ.

ಕಬ್ಬಿನ ಗಾಡಿ | ಡಿಸೆಂಬರ್ 3, ರಾತ್ರಿ 12.15

ನಾನೂ ಬಂದಿದ್ದೆ, ನಿಮಗ ಗುರ್ತು ಸಿಗ್ಲಿಲ್ಲ. ಚಷ್ಮಾ ನಂಬರ್ ಬದಲಾಗೇತಂತ. ಹನ್ನೊಂದಕ್ಕ ಚಾ ಮುಗದಿತ್ತು, ಮುಂದಿನ ಸಲ ದೊಡ್ಡ ಪಾತೇಲಿ ಎರಡು ಇಡ್ರಿ.

ರಾತ್ರಿ ಒಂಬತ್ತರ ಗುಳಿಗಿ | ಡಿಸೆಂಬರ್ 3, ರಾತ್ರಿ 9.04

ಮುಂದಿನ ಸಲ ಯಾವಾಗ್ರಿ? ನನಗ ಲಂಬಾಣಿ ಬರ್ತದ.